ಶಾಲೆಗೆ ರಜೆ ಇದ್ದರೆ ಟೀಚರಿಗೂ ರಜೆಯೇ?
ವಿದೇಶದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವವರ ರಜೆಯ ಲೆಕ್ಕ

ನಮ್ಮ ಬಸ್ರೂರು, ಕಂಡ್ಲೂರು, ಗಂಗೊಳ್ಳಿ ಕಡೆ ಯಾರಿಗಾದರೂ ವಿದೇಶದಲ್ಲಿ ಕೆಲಸ ಸಿಕ್ಕಿದೆ ಎಂದರೆ ಮೂರು ಪ್ರಶ್ನೆ ಬರುತ್ತದೆ. ಸಂಬಳ ಎಷ್ಟು? ರೂಮು ಅವರೇ ಕೊಡುತ್ತಾರಾ? ಊರಿಗೆ ಯಾವಾಗ ಬರಲು ಬಿಡುತ್ತಾರೆ? ಅಂಗಡಿ ಕೆಲಸಕ್ಕೋ ಡ್ರೈವರ್ ಕೆಲಸಕ್ಕೋ ಹೋಗುವವರಿಗೆ ಈ ಮೂರನ್ನೂ ತಪ್ಪದೆ ಕೇಳುತ್ತಾರೆ. ಶಿಕ್ಷಕರಾಗಿ ಹೋಗುವವರಿಗೆ ಮಾತ್ರ ಮೂರನೆಯದನ್ನು ಯಾರೂ ಕೇಳುವುದಿಲ್ಲ. "ಶಾಲೆ ಅಲ್ವಾ, ರಜೆಗೇನು ಕಮ್ಮಿ" ಎಂದುಬಿಡುತ್ತಾರೆ. ಈ ಲೇಖನ ಆ ಮೂರನೆಯ ಪ್ರಶ್ನೆಯ ಬಗ್ಗೆ. ಬಿ.ಎಡ್. ಮಾಡಿ ಹೊರದೇಶಕ್ಕೆ ಹೋಗಬೇಕೆಂದಿರುವ ಅಕ್ಕಂದಿರು ನಮ್ಮ ಹಲವರ ಮನೆಗಳಲ್ಲಿದ್ದಾರೆ. ನಾವು ಕಾಮರ್ಸ್‌ನವರು ಅವರ ಕರಾರು ಪತ್ರ ಓದಿ ಕೊಡುವಷ್ಟು ಪಾಠವನ್ನಂತೂ ಈಗಾಗಲೇ ಕಲಿತಿದ್ದೇವೆ.

ಮೊದಲು ಪದದ ವಿಷಯ. ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ. ಅಲ್ಲಿ ಶಾಲೆ ಮುಚ್ಚಿದರೂ ಛುಟ್ಟಿ, ಅಬ್ಬಾ ಕೆಲಸಕ್ಕೆ ಹೋಗದಿದ್ದರೂ ಛುಟ್ಟಿ. ಕನ್ನಡದಲ್ಲೂ ಎರಡಕ್ಕೂ ರಜೆ ಎಂಬ ಒಂದೇ ಪದ. ಈ ರಜೆ ಎಂಬ ಪದ ಅರಬ್ಬಿ ಮೂಲದ್ದು, ಉರ್ದುವಿನ ರಜಾ ಎಂಬುದರಿಂದ ಬಂದದ್ದು. ಅದರ ಅರ್ಥ ಒಪ್ಪಿಗೆ. ಕನ್ನಡದ ರಾಜಿ ಎಂಬ ಪದವೂ ಅದೇ ಬೇರಿನದು. ಅಂದರೆ ಪದದ ಹುಟ್ಟಿನಲ್ಲೇ ಒಬ್ಬರು ಕೇಳುವುದು, ಇನ್ನೊಬ್ಬರು ಒಪ್ಪುವುದು ಇದೆ. ಶಾಲೆಯ ಗೇಟಿಗೆ ಬೀಗ ಬಿದ್ದ ಮಾತ್ರಕ್ಕೆ ಟೀಚರಿಗೆ ರಜೆ ಆಗುವುದಿಲ್ಲ. ಕೆಲಸ ಕೊಟ್ಟವರು ಒಪ್ಪಬೇಕು. ಆ ದಿನಗಳಿಗೆ ಸಂಬಳ ಇದೆಯೇ ಇಲ್ಲವೇ ಎಂಬುದು ಆಮೇಲಿನ ಮಾತು.

ಇದು ನಮ್ಮ ರಾಜ್ಯದಲ್ಲೂ ಹೀಗೇ ಇದೆ, ನಾವು ಗಮನಿಸಿಲ್ಲ ಅಷ್ಟೇ. ಕರ್ನಾಟಕದ ಸರ್ಕಾರಿ ಕಚೇರಿಯ ಗುಮಾಸ್ತರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ ಸಿಗುತ್ತದೆ. ಸರ್ಕಾರಿ ಶಾಲೆಯ ಶಿಕ್ಷಕರಿಗೆ 10 ದಿನ ಮಾತ್ರ. ಬೇಸಿಗೆ ಮತ್ತು ದಸರಾ ರಜೆ ಇರುವ ಇಲಾಖೆ ಎಂಬ ಕಾರಣಕ್ಕೆ ಉಳಿದದ್ದನ್ನು ಕಡಿಮೆ ಮಾಡಿದ್ದಾರೆ. ಅಂದರೆ ಬೇಸಿಗೆ ರಜೆ ಪುಕ್ಕಟೆ ಸಿಕ್ಕಿದ್ದಲ್ಲ, ಅದಕ್ಕೆ ಬೇರೆ ಖಾತೆಯಿಂದ ಕಳೆದಿದ್ದಾರೆ. ಇನ್ನು ಆ ರಜೆಯಲ್ಲೇ ಕೆಲಸ ಹಚ್ಚಿದರೆ? 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, ಆಗ ದಸರಾ ರಜೆಯ ದಿನಗಳಲ್ಲಿ ಮನೆ ಮನೆ ತಿರುಗಿದವರು ಶಿಕ್ಷಕರೇ. ಸಮೀಕ್ಷೆ ಮುಗಿಯದೆ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಅಕ್ಟೋಬರ್ 18ರವರೆಗೆ ರಜೆ ಮುಂದುವರಿಸಿದರು. ಮಕ್ಕಳಿಗೆ ಅದು ಉದ್ದದ ರಜೆ. ಅವರ ಟೀಚರಿಗೆ ಮೊಬೈಲ್ ಹಿಡಿದು ನೆಟ್‌ವರ್ಕ್ ಹುಡುಕುವ ಕೆಲಸ. ನಮ್ಮ ಪಿಯು ಉಪನ್ಯಾಸಕರಿಗೂ ನಾವು ಪರೀಕ್ಷೆ ಮುಗಿಸಿ ಮನೆಗೆ ಹೋದ ಮೇಲೆ ಮೌಲ್ಯಮಾಪನ ಇರುತ್ತದೆ. ಉಡುಪಿ ಜಿಲ್ಲೆಯ ಮಳೆ ರಜೆಯಂತೂ ಕೈಸಾಲ ಇದ್ದ ಹಾಗೆ, ಮುಂದೆ ಶನಿವಾರ ಮಧ್ಯಾಹ್ನ ಕೂತು ತೀರಿಸಬೇಕು.

ಈಗ ಹೊರದೇಶಕ್ಕೆ ಬರೋಣ. ವಿದೇಶೀಯರನ್ನು ಕರೆಸಿ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ದೊಡ್ಡ ಯೋಜನೆಗಳಲ್ಲಿ ಎರಡು ಹೆಸರುವಾಸಿ. ಜಪಾನಿನ ಜೆಟ್ ಯೋಜನೆ 1987ರಲ್ಲಿ ನಾಲ್ಕು ದೇಶಗಳ 848 ಜನರೊಂದಿಗೆ ಶುರುವಾಯಿತು. ದಕ್ಷಿಣ ಕೊರಿಯಾದ ಇಪಿಕ್ 1995ರದ್ದು. ಇಪಿಕ್ ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳವರಿಗಾಗಿ ಮಾಡಿದ್ದು. ಹಾಗಾದರೆ ನಮಗೇನು ಸಂಬಂಧ ಎಂದು ಕೇಳಬಹುದು. ಭಾರತ ಮತ್ತು ಕೊರಿಯಾ 2009ರ ಆಗಸ್ಟ್ 7ರಂದು ಸಹಿ ಹಾಕಿದ ಆರ್ಥಿಕ ಒಪ್ಪಂದ 2010ರ ಜನವರಿ 1ರಿಂದ ಜಾರಿಯಲ್ಲಿದೆ. ಸರಕಿನ ಸುಂಕದ ಜೊತೆ ಸೇವೆಗಳ ಮಾತೂ ಅದರಲ್ಲಿದೆ. ಅರ್ಹತೆ ಇರುವ ಭಾರತೀಯ ಶಿಕ್ಷಕರು ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಲು ಅದು ದಾರಿ ಮಾಡಿದೆ. ಅರ್ಥಶಾಸ್ತ್ರದಲ್ಲಿ ಸೇವೆಗಳ ರಫ್ತು ಎಂದು ಓದುವಾಗ ನಮಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳಷ್ಟೇ ನೆನಪಾಗುತ್ತವೆ. ಒಂದು ಇಂಗ್ಲಿಷ್ ಕ್ಲಾಸೂ ಅದೇ ಸಾಲಿನದು.

ಕೊರಿಯಾದಲ್ಲಿ ಶಾಲೆಯ ವರ್ಷ ಮಾರ್ಚ್ ಆರಂಭದಲ್ಲಿ ಶುರು. ಜುಲೈ ಕೊನೆಯಿಂದ ಸುಮಾರು ನಾಲ್ಕು ವಾರ ಬೇಸಿಗೆ ರಜೆ. ಚಳಿಗಾಲದ ರಜೆ ಇನ್ನೂ ಉದ್ದ, ಬಹಳ ಶಾಲೆಗಳಲ್ಲಿ ಜನವರಿ, ಫೆಬ್ರವರಿ ಎರಡೂ ಹೋಗುತ್ತವೆ. ಒಟ್ಟು ಮೂರು ತಿಂಗಳು ಎನ್ನಿ. ಇಪಿಕ್ ಕರಾರಿನಲ್ಲಿ ವಿದೇಶಿ ಶಿಕ್ಷಕರಿಗೆ ಇರುವ ಸಂಬಳ ಸಹಿತ ರಜೆ 26 ದಿನ. ಸಾಮಾನ್ಯವಾಗಿ ಬೇಸಿಗೆಯಲ್ಲಿ 11, ಚಳಿಗಾಲದಲ್ಲಿ 15. ಉಳಿದ ದಿನ ಶಾಲೆಗೆ ಬರಬೇಕು. ಕೆಲವು ವಾರ ಮಕ್ಕಳಿಗೆ ಇಂಗ್ಲಿಷ್ ಶಿಬಿರ ನಡೆಸುವುದು. ಅದೂ ಇಲ್ಲದ ದಿನ ಖಾಲಿ ಶಾಲೆಯಲ್ಲಿ ಮೇಜಿನ ಮುಂದೆ ಕೂತು ಸಂಜೆ ಮನೆಗೆ ಹೋಗುವುದು. ಅಲ್ಲಿನ ವಿದೇಶಿ ಶಿಕ್ಷಕರು ತಮಾಷೆಗೆ ಇದನ್ನು ಕುರ್ಚಿ ಬೆಚ್ಚಗಿಡುವ ಕೆಲಸ ಎನ್ನುತ್ತಾರಂತೆ. ಬೇಸಿಗೆ ರಜೆಯ ನಾಲ್ಕು ವಾರ ಎಂದರೆ 20 ಕೆಲಸದ ದಿನ. ಅದರಲ್ಲಿ 11 ಕಳೆದರೆ 9 ದಿನ ಶಾಲೆ. ಚಳಿಗಾಲದ ಎಂಟು ವಾರ ಎಂದರೆ 40 ದಿನ, 15 ಕಳೆದರೆ 25 ದಿನ ಶಾಲೆ.

ಇದನ್ನು ಓದಿ ಅನ್ಯಾಯ ಎನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ಆ ಮೂರೂ ತಿಂಗಳು ಪೂರ್ತಿ ಸಂಬಳ ಬರುತ್ತದೆ. ಜಪಾನಿನಲ್ಲೂ ಹೀಗೆಯೇ. ಜುಲೈ 20ರ ಸುಮಾರಿನಿಂದ ಆಗಸ್ಟ್ ಕೊನೆಯವರೆಗೆ ಮಕ್ಕಳಿಗೆ ನಲವತ್ತು ದಿನ ರಜೆ. ಜೆಟ್ ಶಿಕ್ಷಕರಿಗೆ ವರ್ಷಕ್ಕೆ 10ರಿಂದ 20 ದಿನ ಸಂಬಳ ಸಹಿತ ರಜೆ, ಎಷ್ಟು ಎಂಬುದು ಕೆಲಸ ಕೊಟ್ಟ ಸ್ಥಳೀಯ ಶಿಕ್ಷಣ ಮಂಡಳಿಯ ಮೇಲೆ ಹೋಗುತ್ತದೆ. ಆದರೆ ಅದೇ ಜಪಾನಿನಲ್ಲಿ ಜೆಟ್ ಮೂಲಕ ಹೋಗದೆ ಖಾಸಗಿ ಏಜೆನ್ಸಿಯ ಕೈಕೆಳಗೆ ಅದೇ ತರಹದ ಶಾಲೆಗಳಲ್ಲಿ ಕಲಿಸುವವರೂ ಇದ್ದಾರೆ. ಅವರಲ್ಲಿ ಹಲವರಿಗೆ ಆಗಸ್ಟ್‌ನಲ್ಲಿ ಸಂಬಳ ಕಡಿತ. ಶಾಲೆಗೆ ಬರುವುದು ಬೇಡ, ಸಂಬಳವೂ ಪೂರ್ತಿ ಇಲ್ಲ. ಸ್ಪೇನಿನ ಸರ್ಕಾರಿ ಶಾಲೆಗಳ ಭಾಷಾ ಸಹಾಯಕರ ಯೋಜನೆಯಲ್ಲಂತೂ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಮಾತ್ರ ಹಣ. ಬೇಸಿಗೆ ರಜೆ ಕರಾರಿನ ಒಳಗೇ ಇಲ್ಲ.

ಇದು ನಮಗೆ ಹೊಸದಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುತ್ತದೆ. ಗಂಗೊಳ್ಳಿ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಬೋಟಿನಲ್ಲಿ ದುಡಿಯುವವರನ್ನು ಕೇಳಿ ನೋಡಿ, ಆ ಎರಡು ತಿಂಗಳನ್ನು ಯಾರೂ ರಜೆ ಎನ್ನುವುದಿಲ್ಲ. ಕೆಲಸ ಇಲ್ಲ ಎನ್ನುತ್ತಾರೆ.

ಹಾಗಾಗಿ ಕರಾರು ಪತ್ರ ಕೈಗೆ ಬಂದರೆ ಮೊದಲು ತಿಂಗಳ ಸಂಬಳ ನೋಡುವ ಬದಲು ವರ್ಷಕ್ಕೆ ಎಷ್ಟು ತಿಂಗಳ ಸಂಬಳ ಎಂದು ನೋಡಬೇಕು. ಒಂದು ಲೆಕ್ಕ ಮಾಡೋಣ. ಅಂಕಿಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು. ಒಂದು ಶಾಲೆ ತಿಂಗಳಿಗೆ 60,000 ರೂಪಾಯಿ, 12 ತಿಂಗಳೂ ಸಂಬಳ, ಊರಿಗೆ ಹೋಗಿ ಬರುವ ಟಿಕೆಟ್ ಶಾಲೆಯದೇ ಎನ್ನುತ್ತದೆ. ಇನ್ನೊಂದು ಶಾಲೆ 68,000 ರೂಪಾಯಿ, 10 ತಿಂಗಳ ಸಂಬಳ, ಟಿಕೆಟ್ ನಿಮ್ಮದೇ ಎನ್ನುತ್ತದೆ. ಮನೆಯಲ್ಲಿ ಹೇಳಿದರೆ ಎಲ್ಲರೂ ಎರಡನೆಯದನ್ನೇ ಒಪ್ಪುತ್ತಾರೆ, ಎಂಟು ಸಾವಿರ ಜಾಸ್ತಿ ಅಲ್ವಾ. ಮೊದಲನೆಯದು ವರ್ಷಕ್ಕೆ 7,20,000. ಎರಡನೆಯದು 6,80,000. ಎರಡನೆಯದರಲ್ಲಿ ಟಿಕೆಟ್‌ಗೆ 40,000 ಕಳೆಯಿರಿ. ಸಂಬಳವಿಲ್ಲದ ಎರಡು ತಿಂಗಳೂ ಅಲ್ಲಿನ ರೂಮು ಬಿಡುವಂತಿಲ್ಲ ಎಂದಾದರೆ ತಿಂಗಳಿಗೆ 12,000ದಂತೆ 24,000 ಬಾಡಿಗೆ ಕಳೆಯಿರಿ. ಉಳಿದದ್ದು 6,16,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 51,333. ಅರವತ್ತೆಂಟು ಸಾವಿರದ ಕೆಲಸ ವರ್ಷದ ಕೊನೆಗೆ ಐವತ್ತೊಂದು ಸಾವಿರದ್ದಾಯಿತು. ವ್ಯತ್ಯಾಸ 1,04,000 ರೂಪಾಯಿ.

ಎರಡನೆಯ ವಿಷಯ ದಿನ ಎಣಿಸುವ ರೀತಿ. 26 ದೊಡ್ಡದೋ 30 ದೊಡ್ಡದೋ ಎಂದು ಒಂದನೇ ತರಗತಿಯ ಮಗುವೂ ಹೇಳುತ್ತದೆ. ರಜೆಯ ಲೆಕ್ಕದಲ್ಲಿ ಅದು ಅಷ್ಟು ಸುಲಭ ಇಲ್ಲ. ಕೊರಿಯಾದ 26 ಎಂದರೆ ಕೆಲಸದ ದಿನಗಳು, ಶನಿವಾರ ಭಾನುವಾರ ಅದರಲ್ಲಿ ಸೇರುವುದಿಲ್ಲ. ಚಳಿಗಾಲದ 15 ದಿನವನ್ನು ಸೋಮವಾರದಿಂದ ತೆಗೆದುಕೊಂಡರೆ ಪೂರ್ತಿ ಮೂರು ವಾರ. ಹಿಂದಿನ ಮತ್ತು ಮುಂದಿನ ಶನಿವಾರ ಭಾನುವಾರ ಸೇರಿಸಿದರೆ 23 ದಿನ ಊರಲ್ಲಿರಬಹುದು. ಬೇಸಿಗೆಯ 11 ದಿನ ಹೀಗೆಯೇ 17 ದಿನವಾಗುತ್ತದೆ. ಒಟ್ಟು 40 ದಿನ. ಇನ್ನೊಂದು ಕರಾರಿನಲ್ಲಿ 30 ಕ್ಯಾಲೆಂಡರ್ ದಿನ ಎಂದಿದ್ದರೆ ವಾರದ ರಜೆಗಳೂ ಆ ಮೂವತ್ತರ ಒಳಗೇ ಕರಗುತ್ತವೆ. ಹೋಗಿ ಬರುವ ದಿನಗಳೂ ಅದರಲ್ಲೇ. ಕಾಗದದಲ್ಲಿ 'ದಿನ' ಎಂದಷ್ಟೇ ಬರೆದಿದ್ದರೆ ಯಾವ ದಿನ ಎಂದು ಬರವಣಿಗೆಯಲ್ಲಿ ಕೇಳಬೇಕು. ಬಾಯಿಮಾತಿಗೆ ವೋಚರ್ ಇಲ್ಲ ಎಂದು ಅಕೌಂಟೆನ್ಸಿ ಕಲಿತ ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ದೂರವೂ ಲೆಕ್ಕಕ್ಕೆ ಬರುತ್ತದೆ. ಇದಕ್ಕೆ ಮಾಲ್ದೀವ್ಸ್ ಒಳ್ಳೆಯ ಉದಾಹರಣೆ. ಭಾರತದಿಂದ ಶಿಕ್ಷಕರು ನಿಜವಾಗಿಯೂ ದೊಡ್ಡ ಸಂಖ್ಯೆಯಲ್ಲಿ ಹೋಗುವ ಸರ್ಕಾರಿ ಶಾಲೆಗಳು ಅಲ್ಲಿನವು. ದಿವೇಹಿ ಮನೆಮಾತು, ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿ. ವಾರದ ರಜೆ ಶುಕ್ರವಾರ ಮತ್ತು ಶನಿವಾರ. 2008ರ ಉದ್ಯೋಗ ಕಾಯ್ದೆ ಒಂದು ವರ್ಷ ದುಡಿದವರಿಗೆ 30 ದಿನ ಸಂಬಳ ಸಹಿತ ವಾರ್ಷಿಕ ರಜೆ ಕೊಡುತ್ತದೆ. ಕಾಯಿಲೆಗೆ ಪ್ರತ್ಯೇಕ ರಜೆ, ಮನೆಯವರ ಕಾಯಿಲೆಯಂಥ ತುರ್ತಿಗೆ 10 ದಿನ ಪ್ರತ್ಯೇಕ. ಭೂಪಟದಲ್ಲಿ ನೋಡಿದರೆ ಎಷ್ಟು ಹತ್ತಿರ! ಮಾಲೆಯಿಂದ ತಿರುವನಂತಪುರಕ್ಕೆ ವಿಮಾನದಲ್ಲಿ ಒಂದೂವರೆ ಗಂಟೆಯ ಒಳಗೆ. ಆದರೆ ಶಾಲೆ ಮಾಲೆಯಲ್ಲೇ ಇರಬೇಕೆಂದಿಲ್ಲ. ದೂರದ ಯಾವುದೋ ದ್ವೀಪದಲ್ಲಿದ್ದರೆ ಮೊದಲು ಬೋಟ್ ಅಥವಾ ಸಣ್ಣ ವಿಮಾನ ಹಿಡಿದು ಮಾಲೆಗೆ ಬರಬೇಕು, ಸಮುದ್ರ ಒರಟಾಗಿದ್ದರೆ ಕಾಯಬೇಕು. ತಿರುವನಂತಪುರದಲ್ಲಿ ಇಳಿದ ಮೇಲೆ ನೇತ್ರಾವತಿ ಎಕ್ಸ್‌ಪ್ರೆಸ್ ಹಿಡಿದು ಕುಂದಾಪುರ ತಲುಪುವಾಗ ಇನ್ನೊಂದು ರಾತ್ರಿ ಕಳೆದಿರುತ್ತದೆ. ಹೋಗುವಾಗ ಎರಡು, ಬರುವಾಗ ಎರಡು ದಿನ ಹಿಡಿದರೆ ಮೂವತ್ತರಲ್ಲಿ ನಾಲ್ಕು ದಾರಿಯಲ್ಲೇ ಮುಗಿಯಿತು. ರಜೆಯನ್ನು ಎರಡು ಭಾಗ ಮಾಡಿದರೆ ಎಂಟು.

ಗಲ್ಫ್ ವಿಷಯ ನಮಗೆ ಗೊತ್ತಿರುವುದೇ ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿಗೆ ಹೋಗುವ ನಮ್ಮವರು ಹೆಚ್ಚಾಗಿ ಭಾರತೀಯ ಪಠ್ಯಕ್ರಮದ ಖಾಸಗಿ ಶಾಲೆಗಳಿಗೆ ಹೋಗುತ್ತಾರೆ. ಸೌದಿಯ ಕಾರ್ಮಿಕ ಕಾನೂನಿನಲ್ಲಿ ವರ್ಷಕ್ಕೆ 21 ದಿನ, ಒಬ್ಬರ ಬಳಿಯೇ ಐದು ವರ್ಷ ಆದ ಮೇಲೆ 30. ಯುಎಇ ಖಾಸಗಿ ವಲಯದಲ್ಲಿ ವರ್ಷ ತುಂಬಿದವರಿಗೆ 30. ಜುಲೈ, ಆಗಸ್ಟ್ ಬೇಸಿಗೆ ರಜೆ ಇದಕ್ಕಿಂತ ಉದ್ದ ಇರುತ್ತದೆ. ಹೆಚ್ಚಿನ ದಿನಗಳಿಗೆ ಸಂಬಳ ಕೊಡುತ್ತಾರೋ ಇಲ್ಲವೋ ಎಂಬುದನ್ನು ಶಾಲೆಯ ಕರಾರಿನಲ್ಲಿಯೇ ನೋಡಬೇಕು. ಅದೇ ತಿಂಗಳಲ್ಲಿ ಎಲ್ಲರೂ ಊರಿಗೆ ಹೊರಡುವುದರಿಂದ ಮಂಗಳೂರು ವಿಮಾನದ ಟಿಕೆಟ್ ಬೆಲೆ ಏರುತ್ತದೆ. ಬೇಡಿಕೆಯ ಪಾಠಕ್ಕೆ ಬೇರೆ ಉದಾಹರಣೆ ಬೇಡ.

ತೆಗೆದುಕೊಳ್ಳದೆ ಉಳಿದ ರಜೆ ಏನಾಗುತ್ತದೆ ಎಂಬುದು ಕಾಮರ್ಸ್‌ನವರಿಗೆ ಎಲ್ಲಕ್ಕಿಂತ ಇಷ್ಟವಾಗುವ ಭಾಗ, ನನಗಂತೂ ಹೌದು. ನಮ್ಮ ರಾಜ್ಯ ಸರ್ಕಾರಿ ನೌಕರರ ಗಳಿಕೆ ರಜೆ ಕೂಡುತ್ತಾ ಹೋಗುತ್ತದೆ, ನಿವೃತ್ತಿಯಾಗುವಾಗ 300 ದಿನದವರೆಗೆ ಹಣವಾಗಿ ಸಿಗುತ್ತದೆ. ಸಾಂದರ್ಭಿಕ ರಜೆ ಡಿಸೆಂಬರ್ 31ಕ್ಕೆ ಸತ್ತುಹೋಗುತ್ತದೆ. ಕಂಪೆನಿಗಳ ಲೆಕ್ಕದಲ್ಲಿ ಇದಕ್ಕೆ ಎಎಸ್ 15 ಎಂಬ ಲೆಕ್ಕಪತ್ರ ಮಾನದಂಡವೇ ಇದೆ. ಮುಂದಿನ ವರ್ಷಕ್ಕೆ ಹೋಗುವ ರಜೆಯನ್ನು ಕಂಪೆನಿ ತನ್ನ ಹೊಣೆ ಎಂದು ತೋರಿಸಬೇಕು. ನಾವು ಕಲಿತ ಬಾಕಿ ವೆಚ್ಚದ ತತ್ವವೇ ಇದು. ವರ್ಷಕ್ಕೆ 30 ದಿನ ಎಂದರೆ ತಿಂಗಳಿಗೆ ಎರಡೂವರೆ ದಿನ. ಒಂಬತ್ತು ತಿಂಗಳು ದುಡಿದು ಒಂದೂ ರಜೆ ತೆಗೆಯದ ಟೀಚರಿಗೆ 22.5 ದಿನ ಬಾಕಿ. ಸಂಬಳ 60,000 ಆದರೆ ದಿನಕ್ಕೆ 2,000, ಒಟ್ಟು 45,000 ರೂಪಾಯಿ. ಅವರು ಒಂಬತ್ತನೇ ತಿಂಗಳಲ್ಲಿ ಕೆಲಸ ಬಿಟ್ಟರೆ ಈ ಹಣ ಕೊಡುತ್ತಾರಾ, ಇಲ್ಲ 'ವರ್ಷ ತುಂಬಿದವರಿಗೆ ಮಾತ್ರ' ಎಂಬ ಸಾಲು ಇದೆಯಾ? ಆ ಒಂದು ಸಾಲಿನ ಬೆಲೆ 45,000 ರೂಪಾಯಿ.

ಇಷ್ಟೆಲ್ಲ ನಾನು ಓದಲು ಕಾರಣ ನನ್ನ ಖಾಲಾನ ಮಗಳು. ನಾವೆಲ್ಲ ಆಪಾ ಎನ್ನುತ್ತೇವೆ. ಇಂಗ್ಲಿಷ್ ಎಂ.ಎ., ಬಿ.ಎಡ್. ಮಾಡಿದ್ದಾಳೆ. ಅವಳಿಗೆ ಒಂದು ದೇಶದ ಸರ್ಕಾರಿ ಶಾಲೆಯಿಂದ ಏಜೆಂಟ್ ಮೂಲಕ ಎರಡು ವರ್ಷದ ಕರಾರು ಬಂದಿತ್ತು. "ವರ್ಷಕ್ಕೆ ಮೂರು ತಿಂಗಳು ರಜೆ" ಎಂದು ಏಜೆಂಟ್ ಫೋನಿನಲ್ಲಿ ಹೇಳಿದ್ದರು. ಖಾಲಾಗೆ ಮೊಣಕಾಲಿನ ಆಪರೇಷನ್ ಆಗಬೇಕು, ಆಪಾ ಒಬ್ಬಳೇ ಮಗಳು. ಮೊದಲ ರಜೆಯಲ್ಲಿ ಬಂದು ಆಪರೇಷನ್ ಮಾಡಿಸಿ, ಎರಡು ತಿಂಗಳು ಜೊತೆಗಿದ್ದು ಹೋಗುತ್ತೇನೆ ಎಂದು ಅವಳ ಲೆಕ್ಕ. "ನೀನು ಕಾಮರ್ಸ್ ಅಲ್ವಾ, ಇದನ್ನು ಒಮ್ಮೆ ನೋಡು" ಎಂದು ಆರು ಪುಟದ ಕಾಗದ ಕೊಟ್ಟಳು. ಇಬ್ಬರೂ ಪೆನ್ಸಿಲ್ ಹಿಡಿದು ಕೂತೆವು. ಮೂರು ತಿಂಗಳು ಎಂದು ಬರೆದದ್ದು ವಿದ್ಯಾರ್ಥಿಗಳ ರಜೆ. ಶಿಕ್ಷಕರಿಗೆ ಸಂಬಳ ಸಹಿತ 28 ಕ್ಯಾಲೆಂಡರ್ ದಿನ, ಅದೂ ಶಾಲೆ ಮುಚ್ಚಿದಾಗಲೇ ತೆಗೆದುಕೊಳ್ಳಬೇಕು, ಮೊದಲ ಆರು ತಿಂಗಳು ಇಲ್ಲ. ಟಿಕೆಟ್ ಕರಾರಿನ ಆರಂಭಕ್ಕೆ ಮತ್ತು ಕೊನೆಗೆ ಮಾತ್ರ.

ಆಪಾ ಮೂರು ಪ್ರಶ್ನೆ ಬರೆದು ಕಳುಹಿಸಿದಳು. ಉಳಿದ ರಜೆ ಎರಡನೇ ವರ್ಷಕ್ಕೆ ಹೋಗುತ್ತದೆಯೇ? ತಾಯಿಯ ಆಪರೇಷನ್‌ಗೆ ಸಂಬಳ ರಹಿತ ರಜೆ ಕೊಡುತ್ತೀರಾ, ಕೊಟ್ಟರೆ ಕರಾರು ಮುರಿದಂತೆ ಆಗುವುದಿಲ್ಲವೇ? ಮಕ್ಕಳಿಲ್ಲದ ದಿನಗಳಲ್ಲಿ ಶಿಕ್ಷಕರಿಗೆ ಏನು ಕೆಲಸ? ಎರಡು ವಾರದಲ್ಲಿ ಉತ್ತರ ಬಂತು. ರಜೆ ಮುಂದಿನ ವರ್ಷಕ್ಕೆ ಹೋಗುವುದಿಲ್ಲ. ಸಂಬಳ ರಹಿತ ರಜೆ 14 ದಿನದವರೆಗೆ, ಮುಖ್ಯೋಪಾಧ್ಯಾಯರು ಒಪ್ಪಿದರೆ. ಮಕ್ಕಳಿಲ್ಲದ ದಿನ ತರಬೇತಿ ಮತ್ತು ಪಾಠ ಯೋಜನೆ. ಉತ್ತರ ಓದಿದ ಖಾಲಾ ಹೆಚ್ಚು ಮಾತಾಡಲಿಲ್ಲ. "ಹಾಗಾದರೆ ಆಪರೇಷನ್ ಮೊದಲು, ವೀಸಾ ಆಮೇಲೆ" ಎಂದರು. ಆಪಾ ಸೇರುವ ದಿನವನ್ನು ಎರಡು ತಿಂಗಳು ಮುಂದೆ ಹಾಕಲು ಕೇಳಿದಳು, ಅವರು ಒಪ್ಪಿದರು. ಸಹಿ ಹಾಕಿದ ಮೇಲೆ ಕೇಳಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ.

ನಮ್ಮ ಮನೆಗಳವರು ನೋಡಿಕೊಳ್ಳಬೇಕಾದ ಇನ್ನೊಂದು ವಿಷಯ ಈದ್. ಮಾಲ್ದೀವ್ಸ್ ಅಥವಾ ಗಲ್ಫ್‌ನಲ್ಲಿ ಈದ್ ಸಾರ್ವತ್ರಿಕ ರಜೆ, ಯಾರ ಖಾತೆಯಿಂದಲೂ ಕಳೆಯುವುದಿಲ್ಲ. ಕೊರಿಯಾ, ಜಪಾನಿನಲ್ಲಿ ಆ ದಿನ ಸಾಮಾನ್ಯ ದಿನ. ಕೊರಿಯಾದ ಸಾರ್ವತ್ರಿಕ ರಜೆಗಳು ಚಾಂದ್ರಮಾನ ಹೊಸ ವರ್ಷ, ಸುಗ್ಗಿ ಹಬ್ಬ ಚುಸೋಕ್ ಮುಂತಾದವು. ಕರಾರಿನ ರಜೆ ಶಾಲೆ ಮುಚ್ಚಿದ ದಿನಗಳಿಗೆ ಕಟ್ಟಿರುವುದರಿಂದ ಪಾಠ ನಡೆಯುವ ದಿನ ಈದ್ ಬಂದರೆ ಮುಖ್ಯೋಪಾಧ್ಯಾಯರ ವಿಶೇಷ ಒಪ್ಪಿಗೆ ಬೇಕು. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದು, ಆದ್ದರಿಂದ ಈದ್ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತದೆ, ಮೊದಲೇ ಲೆಕ್ಕ ಹಾಕಬಹುದು. ಚಂದ್ರದರ್ಶನದಿಂದ ಒಂದು ದಿನ ಆಚೀಚೆ ಆಗಬಹುದು ಅಷ್ಟೇ. 2027ರ ಈದುಲ್ ಫಿತ್ರ್ ಮಾರ್ಚ್ 10, ಬುಧವಾರದ ಸುಮಾರಿಗೆ. ಕೊರಿಯಾದಲ್ಲಿ ಶಾಲೆ ಶುರುವಾಗಿ ಒಂದು ವಾರವಷ್ಟೇ ಆಗಿರುತ್ತದೆ, ಹೊಸ ತರಗತಿ ಬಿಟ್ಟು ಹೋಗುತ್ತೇನೆ ಎಂದರೆ ಒಪ್ಪುವುದು ಕಷ್ಟ. ಅರ್ಜಿಯನ್ನು ಜನವರಿಯಲ್ಲೇ ಕೊಟ್ಟಿಡಬೇಕು. 2028ರದ್ದು ಫೆಬ್ರವರಿ 26, ಶನಿವಾರ, ಇಲ್ಲವೇ ಮರುದಿನ ಭಾನುವಾರ. ಚಳಿಗಾಲದ ರಜೆಯೂ ಹೌದು, ವಾರದ ರಜೆಯೂ ಹೌದು. ಆ ವರ್ಷದ ಬಕ್ರೀದ್ ಮೇ 5, ಶುಕ್ರವಾರದ ಸುಮಾರಿಗೆ. ಮೇ 5 ಕೊರಿಯಾದಲ್ಲಿ ಮಕ್ಕಳ ದಿನ, ದೇಶಕ್ಕೆಲ್ಲ ರಜೆ. ಚಂದ್ರ ಒಂದು ದಿನ ತಡವಾದರೂ ಶನಿವಾರ. ಅರ್ಜಿಯೇ ಬೇಕಾಗಿಲ್ಲ.